ಹಾಸ್ಪಿಸ್ ಹುಡುಕುತ್ತಿದ್ದೀರಾ? ಮೊದಲು ರಾತ್ರಿಯ ಫೋನ್ ನಂಬರ್ ಕೇಳಿ

‘ಇನ್ನು ಮಾಡೋದು ಏನೂ ಉಳಿದಿಲ್ಲ, ಮನೆಗೆ ಕರ್ಕೊಂಡು ಹೋಗಿ.’ ಕ್ಯಾನ್ಸರ್ ಕೈಮೀರಿದಾಗ ಎಷ್ಟೋ ಮನೆಯವರ ಕಿವಿಗೆ ಬೀಳುವ ಮಾತು ಇದು. ಇದರಲ್ಲಿ ಅರ್ಧ ಮಾತ್ರ ನಿಜ. ಗಡ್ಡೆಗೆ ಮಾಡುವಂಥದ್ದು ಉಳಿದಿರಲಿಕ್ಕಿಲ್ಲ. ಆದರೆ ನೋವಿಗೆ, ವಾಂತಿಗೆ, ಏದುಸಿರಿಗೆ, ನಿದ್ದೆ ಬಾರದ ರಾತ್ರಿಗೆ ಮಾಡುವುದು ಬೇಕಾದಷ್ಟಿರುತ್ತದೆ. ಅದನ್ನು ಮಾಡುವವರು ಪ್ಯಾಲಿಯೇಟಿವ್ ಕೇರ್‌ನವರು. ರೋಗಿಯ ಕೊನೆಯ ದಿನಗಳಲ್ಲಿ ಇದೇ ಆರೈಕೆಗಾಗಿ ಇರುವ ಜಾಗ ಹಾಸ್ಪಿಸ್. ಅದನ್ನು ಹುಡುಕುವುದು ಹೇಗೆ, ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ಇಲ್ಲಿದೆ.

ಮೊದಲು ಡಾಕ್ಟರ ಹತ್ತಿರ ಬಿಚ್ಚಿ ಕೇಳಿ

‘ಈ ಕೀಮೋ ಕಾಯಿಲೆ ವಾಸಿ ಮಾಡೋದಕ್ಕಾ, ಸ್ವಲ್ಪ ದಿನ ಮುಂದೂಡೋದಕ್ಕಾ?’ ಇಷ್ಟು ಕೇಳುವುದಕ್ಕೆ ದಾಕ್ಷಿಣ್ಯ ಬೇಡ. ಹಾಸ್ಪಿಸ್‌ಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ವಾಸಿ ಮಾಡುವ ಚಿಕಿತ್ಸೆ ಮುಗಿದ ಮೇಲೆ. ಪ್ಯಾಲಿಯೇಟಿವ್ ಡಾಕ್ಟರನ್ನು ನೋಡುವುದಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ. ಕೀಮೋ ನಡೆಯುತ್ತಿರುವಾಗಲೇ ನೋವಿಗೆ ಅವರ ಸಹಾಯ ಪಡೆಯಬಹುದು. ನಮ್ಮಲ್ಲಿ ಜಾಸ್ತಿ ಜನ ತಡ ಮಾಡುವುದು ಇಲ್ಲೇ. ಕೊನೆಯ ಎರಡು ದಿನ ಇದ್ದಾಗ ಓಡಿ ಬರುತ್ತಾರೆ.

ಒಂದು ಫೈಲ್ ಮಾಡಿಟ್ಟುಕೊಳ್ಳಿ. ಬಯಾಪ್ಸಿ ವರದಿ, ಕೊನೆಯ ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಈಗ ಕೊಡುತ್ತಿರುವ ಮಾತ್ರೆಗಳ ಪಟ್ಟಿ, ಆಧಾರ್. ಜೊತೆಗೆ, ವಾಸಿ ಮಾಡುವ ಚಿಕಿತ್ಸೆ ಮುಗಿದಿದೆ ಎಂದು ಡಾಕ್ಟರ್ ಬರೆದುಕೊಟ್ಟ ಪತ್ರ.

ಮನೆಯಲ್ಲೋ, ಅಲ್ಲಿಗೆ ಸೇರಿಸೋದೋ?

ಹಾಸ್ಪಿಸ್ ಅಂದಕೂಡಲೇ ಹಾಸಿಗೆ, ವಾರ್ಡ್ ಕಣ್ಣ ಮುಂದೆ ಬರುತ್ತದೆ. ಆದರೆ ಈ ಆರೈಕೆ ಮನೆಯಲ್ಲೂ ನಡೆಯುತ್ತದೆ. ನರ್ಸ್, ಕೆಲವೊಮ್ಮೆ ಡಾಕ್ಟರ್ ಮನೆಗೇ ಬಂದು ನೋಡಿ, ಡ್ರೆಸಿಂಗ್ ಮಾಡಿ, ಮನೆಯವರಿಗೆ ಕಲಿಸಿ ಹೋಗುತ್ತಾರೆ. ಸೇರಿಸಿದರೂ ಅಲ್ಲೇ ಕೊನೆ ಅಂತೇನಿಲ್ಲ. ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ.

ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಮಾರತ್ತಹಳ್ಳಿ ಕಡೆಯ ಕರುಣಾಶ್ರಯ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಇದರ ಟ್ರಸ್ಟ್ ಕಟ್ಟಿದವು. 1999ರಲ್ಲಿ ಒಳರೋಗಿಗಳ ಕಟ್ಟಡ ತೆರೆಯಿತು. ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. ಮನೆಗೆ ಹೋಗಿ ನೋಡುವ ತಂಡವೂ ಅವರಲ್ಲಿದೆ. ಕಿದ್ವಾಯಿ ಮತ್ತು ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ವಿಭಾಗಗಳಿವೆ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಮನೆಮನೆಗೆ ಹೋಗುತ್ತಾರೆ. ಮಣಿಪಾಲದಲ್ಲೂ ಒಂದು ಹಾಸ್ಪಿಸ್ ಇದೆ. ಈ ವಿಷಯದಲ್ಲಿ ಕಾಸರಗೋಡಿನ ಕನ್ನಡಿಗರೇ ಅದೃಷ್ಟವಂತರು ಅನ್ನಬೇಕು. ಕೇರಳ ಸರ್ಕಾರ 2008ರಲ್ಲೇ ಇದಕ್ಕೊಂದು ನೀತಿ ತಂದು, ಮನೆ ಭೇಟಿಯ ಕೆಲಸವನ್ನು ಪಂಚಾಯ್ತಿ ಮಟ್ಟಕ್ಕೆ ಇಳಿಸಿತು. ನಮ್ಮ ಕಡೆ ಬೀದರ್, ಯಾದಗಿರಿ ಮೂಲೆಯ ಹಳ್ಳಿಯವರು ಇದಕ್ಕಾಗಿ ಇನ್ನೂ ಬಸ್ಸು ಹತ್ತಬೇಕು.

ಕಾಯಿಲೆ ಕ್ಯಾನ್ಸರ್ ಅಲ್ಲದಿದ್ದರೆ ಅದನ್ನು ಮೊದಲ ಫೋನ್‌ನಲ್ಲೇ ಹೇಳಿಬಿಡಿ. ಮರೆವಿನ ಕಾಯಿಲೆ, ಕಿಡ್ನಿ, ಹೃದಯದ ಕೊನೆಯ ಹಂತದವರನ್ನು ಎಷ್ಟೋ ಹಾಸ್ಪಿಸ್‌ಗಳು ಸೇರಿಸಿಕೊಳ್ಳುವುದಿಲ್ಲ. ಅಂಥವರು ದೊಡ್ಡ ಆಸ್ಪತ್ರೆಯ ಪ್ಯಾಲಿಯೇಟಿವ್ ವಿಭಾಗದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ಮಾರ್ಫಿನ್ ಇದೆಯಾ?

ಮಾರ್ಫಿನ್ ಅಂದರೆ ತೀವ್ರ ನೋವಿಗೆ ಕೊಡುವ, ಅಫೀಮು ಜಾತಿಯ ಔಷಧ. ನಿಜವಾದ ಪ್ಯಾಲಿಯೇಟಿವ್ ಕೇರ್ ಯಾವುದು, ಬರೀ ಬೋರ್ಡು ಯಾವುದು ಎಂದು ತಿಳಿಯಲು ಈ ಒಂದು ಪ್ರಶ್ನೆ ಸಾಕು. ‘ಎಂಡ್ ಆಫ್ ಲೈಫ್ ಕೇರ್’ ಎಂದು ಹಾಕಿಕೊಂಡು ಸುಮ್ನೆ ಆಯಾಗಳನ್ನು ಕಳಿಸುವ ಏಜೆನ್ಸಿಗಳೂ ಇವೆ. ಆಯಾ ಬೇಕು, ಇಲ್ಲ ಅಂತಲ್ಲ. ಆದರೆ ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ ಆಯಾ ಏನು ಮಾಡಿಯಾಳು?

ಮಾರ್ಫಿನ್ ಮಾತ್ರೆ ಅಗ್ಗದ್ದು, ಹಳೆಯದು. 1985ರ ಮಾದಕ ವಸ್ತು ಕಾನೂನಿನ ಬಿಗಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಕಡಿಮೆ ಮಾಡಿದ್ದವು. 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಹಾಗಿದ್ದೂ ಅದು ಸಿಗುವುದು ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾತ್ರ, ಬೀದಿ ಕೊನೆಯ ಮೆಡಿಕಲ್ ಸ್ಟೋರ್‌ನಲ್ಲಿ ಅಲ್ಲ. ಅದಕ್ಕೇ ಬಿಡಿಸಿ ಕೇಳಿ: ನಿಮ್ಮಲ್ಲೇ ಕೊಡುತ್ತೀರಾ? ಒಂದು ಸಲಕ್ಕೆ ಎಷ್ಟು ದಿನದ್ದು? ಮುಗಿಯುವ ಮುಂಚೆ ಮಗ ಬಂದು ಒಯ್ಯಬಹುದಾ, ರೋಗಿಯೇ ಬರಬೇಕಾ? ಮನೆ ಪಾವಗಡದಲ್ಲಿದ್ದು ಮಾತ್ರೆ ಬೆಂಗಳೂರಿನಲ್ಲಿದ್ದರೆ ಈ ಉತ್ತರ ಬಹಳ ಮುಖ್ಯ.

‘ಅಭ್ಯಾಸ ಆಗಿಬಿಡುತ್ತೆ’ ಎಂದು ಮಾತ್ರೆ ಮುಚ್ಚಿಡುವ ಮನೆಯವರಿದ್ದಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಆ ಭಯ ಬೇಡ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ನೋವು ತಿರುಗಿ ಬರುವ ಮುಂಚೆಯೇ ಕೊಡಬೇಕು. ಮಲಬದ್ಧತೆ ಮಾತ್ರ ಖಂಡಿತ ಕಾಡುತ್ತದೆ. ಮಾರ್ಫಿನ್ ಜೊತೆ ಮಲ ಸಡಿಲಿಸುವ ಮಾತ್ರೆಯನ್ನೂ ಬರೆದುಕೊಡುವ ಡಾಕ್ಟರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಿರಿ.

ರಾತ್ರಿ ಎರಡಕ್ಕೆ ಯಾರು ಫೋನ್ ಎತ್ತುತ್ತಾರೆ?

ನನ್ನನ್ನು ಕೇಳಿದರೆ, ಕರಪತ್ರದಲ್ಲಿ ಸೂರ್ಯಾಸ್ತದ ಫೋಟೋ ಎಷ್ಟು ಚೆನ್ನಾಗಿದ್ದರೂ ಆಯ್ಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಉಸಿರು ಗೊರಗೊರ ಅನ್ನಲು ಶುರುವಾಗುವುದು, ಅಪ್ಪ ಯಾರನ್ನೂ ಗುರುತಿಸದೆ ಎದ್ದು ಓಡಲು ನೋಡುವುದು, ಇದೆಲ್ಲ ರಾತ್ರಿಯೇ ಆಗುತ್ತದೆ ಅನ್ನಿಸಿಬಿಡುತ್ತದೆ. ಆಗ ಫೋನ್ ಎತ್ತುವವರಿಲ್ಲದಿದ್ದರೆ ಗಾಬರಿಯಾಗಿ ಆಂಬುಲೆನ್ಸ್ ಕರೆಯುತ್ತೀರಿ. ಬೆಳಗಾಗುವಷ್ಟರಲ್ಲಿ ರೋಗಿ ಐಸಿಯುನಲ್ಲಿ, ಮನೆಯವರು ಗಾಜಿನ ಬಾಗಿಲಾಚೆ. ಬೇಡ ಅಂದುಕೊಂಡಿದ್ದು ಅದೇ ಅಲ್ವಾ?

ಆದ್ದರಿಂದ ರಾತ್ರಿಯ ನಂಬರ್ ಯಾರದು, ಎತ್ತುವವರು ನರ್ಸಾ ಸೆಕ್ಯುರಿಟಿಯಾ, ಭಾನುವಾರ ಏನು ಕಥೆ ಎಂದು ಮೊದಲೇ ಕೇಳಿ. ಸೇರುವ ಮುಂಚೆ ಒಂದು ದಿನ ರಾತ್ರಿ ಆ ನಂಬರ್‌ಗೆ ಮಾಡಿ ನೋಡಿದರೂ ತಪ್ಪಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ತುರ್ತು ಮಾತ್ರೆಗಳನ್ನು ಕೊಟ್ಟು, ಯಾವುದನ್ನು ಯಾವಾಗ ಕೊಡಬೇಕು ಎಂದು ಕನ್ನಡದಲ್ಲಿ ಬರೆದುಕೊಡುವ ತಂಡ ಸಿಕ್ಕರೆ ಬಿಡಬೇಡಿ.

ಒಂದು ಸಲ ಹೋಗಿ ಬನ್ನಿ

ಒಳಗೆ ಕಾಲಿಟ್ಟಾಗ ಮೂಗು ಏನು ಹೇಳುತ್ತದೆ ನೋಡಿ. ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರ್‌ನ ಒಡೆದ ಹುಣ್ಣು ಬಹಳ ವಾಸನೆ ಬರುತ್ತದೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಡ್ರೆಸಿಂಗ್ ಮಾಡಿದರೆ ಅದು ಬಹಳ ಮಟ್ಟಿಗೆ ಇಳಿಯುತ್ತದೆ. ಕೆಲಸ ಬಲ್ಲ ನರ್ಸ್ ಇದನ್ನು ನಿಮಗೂ ಕಲಿಸುತ್ತಾರೆ. ಬೆನ್ನು ಹುಣ್ಣಾಗದಂತೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸುತ್ತಾರೆ, ಕೇಳಿ.

ಭಾಷೆಯನ್ನು ಮರೆಯಬೇಡಿ. ರಾಯಚೂರಿನ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು, ನರ್ಸ್‌ಗೆ ಕನ್ನಡ ಅಷ್ಟಕ್ಕಷ್ಟೆ ಅಂದರೆ ಕಷ್ಟ. ‘ಉರೀತದ’ ಅನ್ನುವ ನೋವಿಗೂ ‘ಒಳಗ ಹಿಂಡಿದಂಗ ಆಗ್ತದ’ ಅನ್ನುವ ನೋವಿಗೂ ಔಷಧ ಬೇರೆ ಬೇರೆ ಇರಬಹುದು. ಉರಿ, ಕರೆಂಟ್ ಹೊಡೆದಂಥ ಸೆಳೆತ ಅಂದರೆ ನರದ ನೋವಿರಬಹುದು; ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ.

ರಾತ್ರಿ ಮನೆಯವರೊಬ್ಬರು ಜೊತೆಗಿರಬಹುದಾ, ಮೊಮ್ಮಕ್ಕಳು ಬರಬಹುದಾ, ಮನೆಯಿಂದ ಗಂಜಿ ತರಬಹುದಾ, ತುಳಸಿ ನೀರು ಬಿಡಲು, ಪಾದ್ರಿಯನ್ನೋ ಮೌಲ್ವಿಯನ್ನೋ ಕರೆತರಲು ಅಡ್ಡಿಯಿಲ್ಲವಾ, ಇದೆಲ್ಲ ವಿಚಾರಿಸಿ.

‘ಅವರಿಗೆ ಕ್ಯಾನ್ಸರ್ ಅಂತ ಗೊತ್ತಿಲ್ಲ, ಹೇಳಬೇಡಿ’ ಎಂದು ನೀವೂ ಹೇಳುತ್ತೀರಿ, ಎಲ್ಲರೂ ಹೇಳುತ್ತಾರೆ. ಅದಕ್ಕೆ ಹಾಸ್ಪಿಸ್‌ನವರು ಏನನ್ನುತ್ತಾರೆ ಗಮನಿಸಿ. ಒಳ್ಳೆಯ ತಂಡ ಸುಳ್ಳು ಹೇಳಲು ಒಪ್ಪುವುದಿಲ್ಲ, ದಡಕ್ಕನೆ ಹೇಳಿಬಿಡುವುದೂ ಇಲ್ಲ. ರೋಗಿಗೆ ಎಷ್ಟು ಗೊತ್ತಿದೆ, ಎಷ್ಟು ತಿಳಿಯಬೇಕು ಅನ್ನಿಸಿದೆ ಎಂದು ಅವರಿಂದಲೇ ಮೆಲ್ಲಗೆ ಕೇಳಿ ತಿಳಿಯುತ್ತದೆ.

ದುಡ್ಡು, ಕಾಗದ

ಟ್ರಸ್ಟ್‌ಗಳು ನಡೆಸುವ ಕಡೆ ಎಷ್ಟೋ ಸಲ ಹಣ ಕೇಳುವುದಿಲ್ಲ. ಖಾಸಗಿಯವರಾದರೆ ದಿನದ ದರ, ಆಂಬುಲೆನ್ಸ್, ಆಕ್ಸಿಜನ್, ಡ್ರೆಸಿಂಗ್ ಸಾಮಾನು, ಅಡ್ವಾನ್ಸ್ ವಾಪಸಿನ ಷರತ್ತು ಎಲ್ಲವನ್ನೂ ಬರೆಸಿಕೊಳ್ಳಿ.

ವೆಂಟಿಲೇಟರ್ ಬೇಡ ಎಂದು ರೋಗಿಗೆ ಅನ್ನಿಸಿದ್ದರೆ, ಮಾತಾಡುವ ಶಕ್ತಿ ಇರುವಾಗಲೇ ಲಿವಿಂಗ್ ವಿಲ್ (ಮುಂದೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಬರೆಸಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. 2023ರಲ್ಲಿ ವಿಧಾನ ಸರಳವಾಗಿ, ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು ಅಂತಾಯಿತು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ವಿಲ್‌ನ ಒಂದು ಪ್ರತಿಯನ್ನು ಹಾಸ್ಪಿಸ್‌ನವರ ಫೈಲಿಗೆ ಸೇರಿಸಿ.

ಮನೆಯಲ್ಲೇ ಕೊನೆಯಾಗಲಿ ಅನ್ನುವವರು ಇನ್ನೊಂದನ್ನು ಕೇಳಿಟ್ಟುಕೊಳ್ಳಬೇಕು: ಸಾವಿಗೆ ಕಾರಣ ಬರೆದು ಸಹಿ ಹಾಕುವ ಡಾಕ್ಟರ್ ಯಾರು? ಆ ಚೀಟಿಯಿಲ್ಲದೆ ಚಿತಾಗಾರದ ಬಾಗಿಲಲ್ಲಿ ಪರದಾಡಬೇಕಾದೀತು. ಸಾವಿನ ನೋಂದಣಿಗೆ 21 ದಿನ ಸಮಯವಿದೆ.

ಎಲ್ಲ ಮುಗಿದ ಮೇಲೆ ಉಳಿದ ಮಾರ್ಫಿನ್ ಮಾತ್ರೆಗಳನ್ನು ಬೀರುವಿನಲ್ಲಿ ಇಡಬೇಡಿ, ಇನ್ನೊಬ್ಬ ರೋಗಿಗೆ ನೀವಾಗಿ ಕೊಡಲೂ ಬೇಡಿ. ಎಣಿಸಿ, ತಂದ ಜಾಗಕ್ಕೇ ಒಪ್ಪಿಸಿ. ಅವರು ಕೊಟ್ಟಿದ್ದ ಏರ್ ಬೆಡ್, ವೀಲ್‌ಚೇರ್ ಇದ್ದರೆ ಅದೇ ಆಟೋದಲ್ಲಿ ಹಾಕಿಕೊಂಡು ಹೋಗಿ.