ಮುಚ್ಚಿದವೋ, ಸತ್ತವೋ? ಪತ್ರರಂಧ್ರದ ಪ್ರಯೋಗ ಮಾಡಿದ ನನ್ನ ಅನುಭವ

ಧಾರವಾಡದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ರೋಗಾಣು ಮೈಮೇಲೆ ಬಂದಾಗ ಗಿಡ ಸ್ಯಾಲಿಸಿಲಿಕ್ ಆಮ್ಲ ತಯಾರಿಸುತ್ತದೆ, ರೋಗಾಣು ಒಳನುಸುಳುವ ದಾರಿಯಾದ ಎಲೆಯ ಸಣ್ಣ ರಂಧ್ರ (ಪತ್ರರಂಧ್ರ) ಮುಚ್ಚುವುದರಲ್ಲಿ ಅದರ ಪಾಲೂ ಇದೆ. ಇದನ್ನು ಬೋರ್ಡ್ ಮೇಲೆ ಬರೆದರೆ ಹುಡುಗರು ಬರೆದುಕೊಂಡು ಸುಮ್ಮನಾಗುತ್ತಾರೆ. ಕಣ್ಣಿಗೇ ತೋರಿಸೋಣ ಅಂತ ಶುರು ಮಾಡಿದೆ.

ಹೊಲದ ಬದುವಿನಲ್ಲಿ ನೀಲಿ ಹೂ ಬಿಡುವ ಕಮೆಲಿನಾ ಕಳೆ ಇದಕ್ಕೆ ಒಳ್ಳೆಯದು. ಎಲೆಯ ತಳಭಾಗ ಮೇಲೆ ಬರುವಂತೆ ಬೆರಳಿಗೆ ಸುತ್ತಿ, ಬ್ಲೇಡಿನಿಂದ ತುಸು ಗೀರಿ ಎಳೆದರೆ ತೆಳ್ಳನೆ ಪೊರೆ ಬರುತ್ತದೆ. ಹಸಿರು ಅಂಟಿಕೊಂಡು ಬಂದರೆ ಅದನ್ನು ಬಿಡಿ, ಬೇರೆ ತೆಗೆಯಿರಿ.

ಮೊದಲು ರಂಧ್ರ ತೆರೆಸಬೇಕು. ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದರೆ ದಿನವಿಡೀ ಮಬ್ಬು, ಎಲೆ ಕಿತ್ತಾಗಲೇ ರಂಧ್ರ ಅರೆಮುಚ್ಚಿರುತ್ತದೆ. 100 ಮಿ.ಲೀ. ನೀರಿಗೆ 0.37 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ, ಪೊರೆ ತೇಲಿಬಿಟ್ಟು, ಎಲ್‌ಇಡಿ ದೀಪದ ಕೆಳಗೆ ಒಂದೆರಡು ತಾಸು ಇಡುತ್ತೇನೆ. ರಂಧ್ರದ ಎರಡೂ ಬದಿಗಿರುವ ಕಾವಲು ಕೋಶಗಳು ಪೊಟ್ಯಾಸಿಯಂ ಒಳಗೆಳೆಯುತ್ತವೆ, ಹಿಂದೆಯೇ ನೀರು ಬರುತ್ತದೆ. ಕೋಶ ಉಬ್ಬಿ ಬಾಗಿದಾಗ ನಡುವೆ ಸಂದು ಬಿಡುತ್ತದೆ.

ಆಮೇಲೆ ಸ್ಯಾಲಿಸಿಲಿಕ್ ಆಮ್ಲ. ಅದೇ 100 ಮಿ.ಲೀ. ದ್ರಾವಣಕ್ಕೆ ಸುಮಾರು 14 ಮಿ.ಗ್ರಾಂ. ತಣ್ಣೀರಲ್ಲಿ ಸುಲಭಕ್ಕೆ ಕರಗಲ್ಲ, ಕೆಲವು ಹನಿ ಆಲ್ಕೋಹಾಲ್ ಬೇಕು. ಈ ಆಮ್ಲ ಹಾಕದೆ ಹೋಲಿಕೆಗಿಟ್ಟ ತಟ್ಟೆಗೂ ಅಷ್ಟೇ ಆಲ್ಕೋಹಾಲ್ ಹಾಕಿ. ಎರಡರ ಪಿಎಚ್ (ಹುಳಿಯ ಅಳತೆ) ಕೂಡ ಸಮ ಮಾಡಿ, ಇಲ್ಲದಿದ್ದರೆ ಮುಚ್ಚಿದ್ದು ಬರೀ ಹುಳಿಗೇ ಅಂತ ಯಾರಾದರೂ ಕೇಳಿದರೆ ಉತ್ತರವಿರಲ್ಲ. ಅಳೆಯುವವರಿಗೆ ಯಾವುದು ಯಾವ ತಟ್ಟೆ ಅಂತ ನಾನು ಹೇಳುವುದಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅಲ್ವಾ?

"ಸರ್, ಇವು ಮುಚ್ಚ್ಯಾವ್ರಿ!" ಅಂತ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು ಒಬ್ಬ ವಿದ್ಯಾರ್ಥಿನಿ.

"ಮುಚ್ಚ್ಯಾವೋ, ಸತ್ತಾವೋ? ಅದನ್ನ ಹೇಳವಾ."

ನನಗೆ ಇಡೀ ಪ್ರಯೋಗದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಆಮ್ಲ ಜಾಸ್ತಿಯಾಗಿ ಕೋಶ ಸತ್ತರೂ ಸಂದು ಕಿರಿದಾಗಿ ಕಾಣಬಹುದು. ಅದಕ್ಕೇ ನ್ಯೂಟ್ರಲ್ ರೆಡ್ ಬಣ್ಣ ಹನಿಸುತ್ತೇವೆ. ಜೀವಂತ ಕಾವಲು ಕೋಶ ಅದನ್ನು ಒಳಗೆ ಹೀರಿ ಕೆಂಪಗಾಗುತ್ತದೆ, ಸತ್ತದ್ದು ಹಾಗೆ ಕೂಡಿಡಲಾರದು. ಅವಳ ಸ್ಲೈಡಿನಲ್ಲಿ ಸಂದು ಗೆರೆಯಷ್ಟಾಗಿತ್ತು, ಎರಡೂ ಬದಿಯ ಕೋಶ ಕೆಂಪಗಿದ್ದವು. ಕೆಲವು ರಂಧ್ರ ಅರ್ಧಕ್ಕೇ ನಿಂತಿದ್ದವು, ಅವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರೋಗಾಣುವೇನು ಸುಮ್ನೆ ಕೂರಲ್ಲ. ಸ್ಯೂಡೊಮೋನಾಸ್ ಸಿರಿಂಗೆ ಬ್ಯಾಕ್ಟೀರಿಯಾ ಬಂದಾಗ ಎಲೆ ರಂಧ್ರ ಮುಚ್ಚುತ್ತದೆ, ಕೆಲವೇ ತಾಸಿನಲ್ಲಿ ಆ ಬ್ಯಾಕ್ಟೀರಿಯಾ ಕೊರೊನಾಟಿನ್ ಎಂಬ ವಿಷದಿಂದ ಮತ್ತೆ ತೆರೆಸುತ್ತದೆ ಅಂತ 2006ರಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳಾದ ಮೇಲೊಟ್ಟೊ, ಶೆಂಗ್ ಯಾಂಗ್ ಹೆ ಮತ್ತು ಸಂಗಡಿಗರು ತೋರಿಸಿದರು. ಗಿಡದ್ದೇ ಜಾಸ್ಮೋನೇಟ್ ಹಾರ್ಮೋನಿನ ವೇಷ ಹಾಕಿಕೊಂಡು ಬರುವ ವಿಷ ಅದು.

ಹಾವೇರಿ ಕಡೆಯ ಹುಡುಗರು ಕೇಳಿಯೇ ಕೇಳುತ್ತಾರೆ, "ಮೆಣಸಿನಗಿಡಕ್ಕ ಈ ಆಮ್ಲ ಹೊಡೀಬಹುದೇನ್ರಿ ಸರ್?" ತಟ್ಟೆಯಲ್ಲಿ ತೇಲುವ ಪೊರೆ ಬೇರೆ, ಹೊಲದ ಗಿಡ ಬೇರೆ. ರಂಧ್ರ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುವುದೂ ಕಡಿಮೆಯಾಗುತ್ತದೆ, ಗಿಡದ ಊಟಕ್ಕೇ ಕತ್ತರಿ. ನಮ್ಮ ಸ್ಲೈಡ್ ನೋಡಿಕೊಂಡು ಪಂಪ್ ಹೆಗಲಿಗೇರಿಸಬೇಡಿ ಅಂತಲೇ ಹೇಳುತ್ತೇನೆ.