ಜುಲು ಗುರಾಣಿ ಕೊಳ್ಳುತ್ತೀರಾ? ಮೊದಲು ಹಿಂಬದಿ ನೋಡಿ

ಆಫ್ರಿಕಾದ ತೊಗಲಿನ ಗುರಾಣಿಯನ್ನು ಜನ ಮುಂಬದಿ ನೋಡಿಯೇ ಕೊಂಡುಬಿಡುತ್ತಾರೆ. ಮಚ್ಚೆ ಚೆನ್ನಾಗಿದೆ, ಗೋಡೆಗೆ ಒಪ್ಪುತ್ತದೆ, ಮುಗಿಯಿತು. ಪ್ರವಾಸಿಗಳಿಗೆಂದೇ ಮಾಡಿದ್ದನ್ನು ಆ ಬೆಲೆಗೇ ಕೊಂಡರೆ ತಪ್ಪೇನಿಲ್ಲ. 1879ರಲ್ಲಿ ಬ್ರಿಟಿಷರಿಗೂ ದಕ್ಷಿಣ ಆಫ್ರಿಕಾದ ಜುಲು ಜನರಿಗೂ ನಡೆದ ಯುದ್ಧದ್ದು ಅಂತ ನಂಬಿ ಕೊಂಡರೆ ಕಷ್ಟ.

ಮೊದಲು ಯಾವ ಜನಾಂಗದ್ದು ಬೇಕೆಂದು ತೀರ್ಮಾನಿಸಿ. ಪೂರ್ವ ಆಫ್ರಿಕಾದ ಮಸಾಯಿ ಜನರದ್ದು ಕೂದಲಿಲ್ಲದ ಕಾಡೆಮ್ಮೆ ತೊಗಲು, ಮೇಲೆ ಕೆಂಪು, ಬಿಳಿ, ಕಪ್ಪು ಬಣ್ಣ. ಇಥಿಯೋಪಿಯಾದ್ದು ದುಂಡಗೆ, ನಡುವೆ ಉಬ್ಬು. ಹೊಸಬರು ಜುಲುವಿನಿಂದಲೇ ಶುರು ಮಾಡಿ. ಅದು ದನದ ತೊಗಲು, ತಲೆನೋವು ಕಡಿಮೆ. ಘೇಂಡಾಮೃಗದ ತೊಗಲು ಅಂದರೆ ಎಷ್ಟೇ ಹಳೆಯದಿರಲಿ, ಮುಟ್ಟಬೇಡಿ. ಅಪಾಯದಲ್ಲಿರುವ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ (CITES) ಅಂತರರಾಷ್ಟ್ರೀಯ ಒಪ್ಪಂದದ ಕಾಗದಪತ್ರ ನಿಮ್ಮಿಂದ ಆಗುವ ಕೆಲಸವಲ್ಲ.

ಆಮೇಲೆ ಟೇಪು ಹಿಡಿಯಿರಿ. ಹಳೆಯ ದೊಡ್ಡ ಯುದ್ಧದ ಗುರಾಣಿ ಇಸಿಹ್ಲಾಂಗು ಆಳೆತ್ತರಕ್ಕೆ ಹತ್ತಿರ. 1850ರ ದಶಕದಲ್ಲಿ ಜುಲು ರಾಜಕುಮಾರ ಸೆಟ್ಶ್ವಾಯೊ ತಂದ ಯುದ್ಧದ ಗುರಾಣಿ ಉಂಬುಂಬುಲುಜೊ ಅದಕ್ಕಿಂತ ಚಿಕ್ಕದು. ಕುಣಿತದ ಗುರಾಣಿ ಇನ್ನೂ ಚಿಕ್ಕದು. ಸೂಟ್‌ಕೇಸಿನಲ್ಲಿ ಹಿಡಿಸುವುದು ಯುದ್ಧದ್ದಲ್ಲ, ಅಷ್ಟೇ.

ಈಗ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ. ನಡುವೆ ಮೇಲಿಂದ ಕೆಳಗೆ ಎರಡು ಸಾಲು ಸೀಳು ಇರುತ್ತವೆ. ಅವುಗಳಲ್ಲಿ ಬೇರೆ ಬಣ್ಣದ ತೊಗಲಿನ ಪಟ್ಟಿ ಪೋಣಿಸಿರುತ್ತಾರೆ. ಒಂದು ಸೀಳನ್ನು ಬೆರಳಿನಿಂದ ಚೂರು ಅಗಲಿಸಿ, ಟಾರ್ಚ್ ಬಿಟ್ಟು ತೊಗಲಿನ ಕತ್ತರಿಸಿದ ಅಂಚು ನೋಡಿ. ನೀಲಿ ಮಿಶ್ರಿತ ಬೂದು ಬಣ್ಣ ಕಂಡರೆ ಅದು ಕ್ರೋಮ್ ಹಾಕಿ ಹದ ಮಾಡಿದ ಫ್ಯಾಕ್ಟರಿ ತೊಗಲು. ಹಳೆಯದು ಹದ ಮಾಡದ ಹಸಿ ತೊಗಲು ಒಣಗಿದ್ದು. ಬೆರಳಲ್ಲಿ ತಟ್ಟಿದರೆ ಹಲಗೆಯಂತೆ ಟಕ್ ಅನ್ನಬೇಕು. ನಂತರ ಗುರಾಣಿಯ ಹಿಂದೆ ಮೇಲಿಂದ ಕೆಳಗೆ ಇರುವ ಕೋಲು ನೋಡಿ. ಕೈ ಹಿಡಿಯುವ ಜಾಗ ಸವೆದು ಕಪ್ಪಾಗಿರಬೇಕು, ಮೇಲೂ ಕೆಳಗೂ ಕತ್ತಿಯಲ್ಲಿ ಹೆರೆದ ಗುರುತು ಇರಬೇಕು. ಕೋಲು ಪೂರ್ತಿ ಒಂದೇ ಬಣ್ಣ, ಮೇಲೆ ವಾರ್ನಿಶ್ ಇದ್ದರೆ ಬಿಟ್ಟು ಬನ್ನಿ. ಬೂಟ್ ಪಾಲಿಶ್ ಉಜ್ಜಿ ಮುದಿ ಮಾಡುವವರೂ ಇದ್ದಾರೆ. ಬಿಳಿ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡಿ, ಬಣ್ಣ ಬಂದರೆ ಕಥೆ ಮುಗೀತು.

ಕಥೆ ಅಂದ ಮೇಲೆ ನೆನಪಾಯಿತು. "ಇದು ನಮ್ಮ ಮುತ್ತಜ್ಜನ ಸ್ವಂತದ್ದು" ಅಂತ ವ್ಯಾಪಾರಿ ಹೇಳಿದರೆ ಸುಮ್ನೆ ತಲೆಯಾಡಿಸಿ. ಯುದ್ಧದ ಗುರಾಣಿ ರಾಜನ ಸೊತ್ತು, ಇರುತ್ತಿದ್ದುದು ದಂಡಿನ ಬೀಡಿನ ಉಗ್ರಾಣದಲ್ಲಿ. ಕೋಲಿನ ತುದಿಯ ತುಪ್ಪಳ ಹುಳ ತಿಂದು ಹೋಗಿದ್ದರೆ ಬೆಲೆ ಇಳಿಸಿ ಕೇಳಿ. ಮೊಲದ ಚರ್ಮ ಸುತ್ತಿ ಸರಿ ಮಾಡಲು ಮಾತ್ರ ಹೋಗಬೇಡಿ.

ಮನೆಗೆ ತಂದ ಮೇಲೆ ಎಣ್ಣೆ, ಲೆದರ್ ಕ್ರೀಮ್ ಏನೂ ಬೇಡ. ಅಂಗಡಿಯವರು ಕೊಡುವ ಆ ಡಬ್ಬಿ ಚಪ್ಪಲಿಗಿರಲಿ. ಹುಳದ ಅನುಮಾನವಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹಳೆಯ ಸಂಗ್ರಹದಿಂದ ಬಂದದ್ದಾದರೆ ಗ್ಲೌಸ್ ಹಾಕಿಯೇ ಮುಟ್ಟಿ. ಹಿಂದೆಲ್ಲ ಹುಳಕ್ಕೆ ಆರ್ಸೆನಿಕ್ ಬಳಿಯುತ್ತಿದ್ದರು. ಕರಾವಳಿಯವರು ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ.