ಮಗ್ಗದ ಕಾರ್ಡಿನ ಮ್ಯಾಲ ತಂಬೂರಿ ಬಾರಿಸಿದ್ದು: ನನ್ನ ಅನುಭವ

ನಂದು ಬನಹಟ್ಟಿ. ಪಾವರ್‌ಲೂಮ್ ಮೋಟರ್, ಸ್ಟಾರ್ಟರ್ ರಿಪೇರಿ ಮಾಡೋದು ಹೊಟ್ಟಿಪಾಡು, ರಾತ್ರಿ ಊಟ ಆದಮ್ಯಾಲ ಸೋಲ್ಡರಿಂಗ್ ಹಿಡಕೊಂಡು ಕೂಡೋದು ಚಟ. ನಮ್ಮ ಓಣಿ ಭಜನಾ ಮಂಡಳಿಯೊಳಗ ಕಾಕಾ ಒಬ್ರು ಪೇಟಿ (ಹಾರ್ಮೋನಿಯಂ) ಬಾರಿಸ್ತಾರ, ಅವರ ಹತ್ರ ಮೀರಜ್‌ನಿಂದ ತಂದ ಹಳೇ ತಂಬೂರಿ ಇತ್ತು, ಒಂದ್ಸಲ ಟೆಂಪೋದಾಗ ಹಾಕ್ಕೊಂಡು ಹೋಗೂಮುಂದ ಬುರುಡಿ ಸೀಳಿ ಹೋತು. ನೀ ಕರೆಂಟಿನಾಂವ, ಕರೆಂಟಿನ ತಂಬೂರಿ ಒಂದು ಮಾಡಿಕೊಡು ಅಂದ್ರು. ಮೊಬೈಲ್‌ನ್ಯಾಗ ತಂಬೂರಿ ಆ್ಯಪ್ ಐತಲ್ರೀ ಅಂದೆ, ಹಾಕಿನೂ ಕೊಟ್ಟೆ. ಮೊದಲನೇ ದಿನಾನ ನಡುವ ಫೋನ್ ಬಂದು ರಿಂಗ್‌ಟೋನ್ ಸ್ಪೀಕರಿನಾಗ ಹೊಡೀತು, ಆ ಕತಿ ಅಲ್ಲಿಗೇ ಮುಗೀತು.

ಎಲೆಕ್ಟ್ರಾನಿಕ್ ತಂಬೂರಿ ಹೊಸದೇನಲ್ಲ ಬಿಡ್ರಿ. ಎಚ್‌ಎಎಲ್‌ನ್ಯಾಗ ಎಂಜಿನಿಯರ್ ಇದ್ದು, ತಾವೂ ಕೊಳಲು ನುಡಿಸ್ತಿದ್ದ ಜಿ. ರಾಜ್ ನಾರಾಯಣ್ ಅವರು 1979ರಾಗ ಬೆಂಗಳೂರಿನ್ಯಾಗ ರಾಡೆಲ್ ಕಂಪನಿ ಶುರು ಮಾಡಿದ್ರು, ಈಗ ಎಲ್ಲಾ ಕಡೆ ಅಂಥಾ ಪೆಟ್ಟಿಗಿ ಸಿಗ್ತಾವು. ತಂದು ಕೊಟ್ಟಿದ್ರ ಒಂದು ದಿನದ ಕೆಲಸ. ಆದ್ರ ನನ್ನ ಕೈ ಸುಮ್ನ ಇರಂಗಿಲ್ಲ.

ಮೊದಲ ಸಲ 555 ಅನ್ನೋ ಟೈಮರ್ ಐಸಿ (ಚಿಪ್) ಎರಡು ಹಾಕಿ ಒಂದಕ್ಕ ಸಾ, ಇನ್ನೊಂದಕ್ಕ ಪಾ ಮಾಡಿ ಪ್ರಿಸೆಟ್ (ತಿರುವೋ ಸಣ್ಣ ರೆಸಿಸ್ಟರ್) ತಿರುವಿ ಶ್ರುತಿ ಕೂಡಿಸಿದೆ, ರಾತ್ರಿ ಹನ್ನೊಂದಕ್ಕ ಚಲೋ ಇತ್ತು, ಮರುದಿನ ಮಧ್ಯಾಹ್ನ ಪತ್ರಾಸ್ ಶೆಡ್ ಕಾದು ಹಂಚಾದಮ್ಯಾಲ ಹಚ್ಚಿದ್ರ ಎರಡೂ ಒಂದೊಂದು ದಿಕ್ಕಿಗೆ ಸರದು ವೂಂವ್ ವೂಂವ್ ಅಂತ ತೇಲಾಕತ್ತಿದ್ವು. ಕಾಕಾ ಕೇಳಿ, "ಏನ್ಪಾ ಇದು, ತಂಬೂರಿನೋ ಗಿರಣಿನೋ?" ಅಂದ್ರು. ಸಿರಾಮಿಕ್ ಕೆಪಾಸಿಟರ್ ತಗದು ಪಾಲಿಯೆಸ್ಟರ್ ಹಾಕಿದೆ, ಸ್ವಲ್ಪ ಸುಧಾರಿಸ್ತು, ಪೂರ್ತಿ ಅಲ್ಲ.

ಆಮ್ಯಾಲ ತಲಿಗೆ ಹೊಳೀತು, ಎರಡು ಆಸಿಲೇಟರ್ (ಸ್ವರದ ಕಂಪನ ಹುಟ್ಟಿಸೋ ಸರ್ಕಿಟ್) ಯಾಕ ಬೇಕು? ಮಂದ್ರ (ಕೆಳಗಿನ ಸಪ್ತಕದ) ಪಾ ಅನ್ನೋದು ಮಧ್ಯ ಸಾ ದ ಕಂಪನದ ಮುಕ್ಕಾಲು ಪಾಲು, ಮಂದ್ರ ಸಾ ಅಂದ್ರ ಅರ್ಧ. ಹಂಗಾದ್ರ ಒಂದ ಆಸಿಲೇಟರ್ ಇಟ್ಟು 3ರಿಂದ ಭಾಗಿಸಿದ್ರ ಸಾ, 4ರಿಂದ ಪಾ, 6ರಿಂದ ಮಂದ್ರ ಸಾ. ಕಾಕಾನ ಪಟ್ಟಿ ಕಾಳಿ ಒಂದು (ಪೇಟಿಯ ಮೊದಲ ಕರೀ ಕೀ), ಅಂದ್ರ ಸಾ 138.6 ಹರ್ಟ್ಜ್, ಮೂಲ ಆಸಿಲೇಟರ್ 415.8. ಬಿಸಿಲಿಗೆ ಮೂಲ ಸರದ್ರೂ ಮೂರೂ ಕೂಡೇ ಸರೀತಾವು, ಒಂದಕ್ಕೊಂದು ಶ್ರುತಿ ಬಿಡಂಗಿಲ್ಲ. ಪೇಟಿಯಾಗಿನ ಪಾ 103.83 ಇರ್ತೈತಿ, ಇಲ್ಲಿ 103.95 ಬರ್ತೈತಿ, ಕೂದಲೆಳಿಯಷ್ಟು ಮ್ಯಾಲ, ಅದ ಖರೇ ಪಂಚಮ.

ಭಾಗಿಸಾಕ 4017 ಅನ್ನೋ ಎಣಿಸೋ ಐಸಿ ಹಾಕಿದೆ. ಅಲ್ಲೊಂದು ಮಜಾ ಆತು. ಮಂದ್ರ ಸಾ ಕೇಳಾಕ ಭಾರಿ ಇತ್ತು, ಮಧ್ಯ ಸಾ ಮಾತ್ರ ಪೊಳ್ಳು ಪೊಳ್ಳು. ಎರಡು ದಿನ ಸ್ಪೀಕರ್ ಬೈದೆ. ತಪ್ಪು ಸ್ಪೀಕರಿಂದಲ್ಲ, ಮೂರರಾಗ ಒಂದು ಪಾಲಷ್ಟು ಹೊತ್ತು ಮ್ಯಾಲ ಇರೋ ಪಲ್ಸಿನೊಳಗ ಮೂರನೇ ಹಾರ್ಮೋನಿಕ್ (ಆ ಸ್ವರದ ಮೂರು ಪಟ್ಟು ಕಂಪನ) ಇರೋದೇ ಇಲ್ಲ, ಆ ಮೂರನೇದ್ದು ಅಂದ್ರ ಮ್ಯಾಲಿನ ಸಪ್ತಕದ ಪಂಚಮ, ಸಾ ತಂತಿ ಮೀಟಿದಾಗ ಒಳಗಿಂದ ಕೇಳಸ್ತೈತಲ್ಲ ಅದ. ಮೂಲವನ್ನ ಡಬಲ್ ಮಾಡಿ 831.6 ಇಟ್ಟು 6, 8, 12ರಿಂದ ಭಾಗಿಸಿದೆ, ಈಗ ಪಲ್ಸು ಆರರಾಗ ಒಂದು ಪಾಲಷ್ಟ ಆಗಿ ಮೂರನೇದ್ದೂ ಉಳೀತು, ಸಾ ತುಂಬ್ಕೊಂಡು ಬಂತು. 4017 ಒಂದ ಇದ್ರ ಹತ್ತರ ತನಕ ಅಷ್ಟ ಎಣಿಸ್ತೈತಿ, 12ಕ್ಕ ಇನ್ನೊಂದು ಐಸಿ ಜೋಡಿಸಬೇಕಾತು.

ಇನ್ನ ಮೀಟೋದು. ತಂಬೂರಿಯಾಗ ಪಾ, ಎರಡು ಸಾ, ಮಂದ್ರ ಸಾ ಅಂತ ನಾಕು ತಂತಿ ಒಂದಾದಮ್ಯಾಲ ಒಂದು ಮೀಟ್ತಾರ. ಯಾವ ತಂತಿ ಯಾವಾಗ ಅನ್ನೋದನ್ನ ಟೈಮರಿನಿಂದ ಮಾಡಬಹುದಿತ್ತು, ಆದ್ರ ತಂಬೂರಿ ಮೀಟು ಸರಿಸಮ ಇರಂಗಿಲ್ಲ, ಪಾ ಆದಮ್ಯಾಲ ಜೋಡಿ ಸಾ ಸ್ವಲ್ಪ ಸಮೀಪ, ಮಂದ್ರ ಸಾ ಆದಮ್ಯಾಲ ಒಂದು ಉಸಿರು ಬಿಡುವು. ಶೆಡ್ಡಿನ್ಯಾಗ ಸೀರಿ ಸೆರಗಿನ ಡಿಸೈನಿಂದು ಹಳೇ ಜಕಾರ್ಡ್ ಕಾರ್ಡು (ತೂತು ಹೊಡದ ರಟ್ಟು) ಬಿದ್ದಿದ್ವು. ತೂತಿದ್ದಲ್ಲಿ ಎಳಿ ಏಳಬೇಕು, ಇಲ್ಲದಲ್ಲಿ ಇಲ್ಲ, ಫ್ರಾನ್ಸಿನ ಜಕಾರ್ಡ್ 1804ರಾಗ ಮಾಡಿದ್ದ ಉಪಾಯ. ಎಳಿ ಬದಲು ಸ್ವರ ಎದ್ರ ಆತಲ್ಲ! ಎರಡು ಡಬ್ಬಿ ಮುಚ್ಚಳದ ನಡುವ ಕಾರ್ಡು ಸುತ್ತಿ ಡ್ರಮ್ಮಿನಂಗ ಮಾಡಿ, ಹಳೇ ತೂತಿಗೆ ಇನ್ಸುಲೇಷನ್ ಟೇಪ್ ಬಡದು, ಮೂರು ಸಾಲಿನ್ಯಾಗ ಹೊಸ ತೂತು ಹೊಡದೆ. ತಿರುಗಸಾಕ ಕೆಟ್ಟ ಮೈಕ್ರೋವೇವ್ ಒಳಗಿನ ತಟ್ಟಿ ಮೋಟರು, ನಿಮಿಷಕ್ಕ 5 ಸುತ್ತು, ಅಂದ್ರ ಒಂದು ಸುತ್ತಿಗೆ 12 ಸೆಕೆಂಡು, ಅದರಾಗ ಮೂರು ಆವರ್ತನ ಕೂಡಿಸಿದೆ.

ಡ್ರಮ್ಮಿನ ಒಳಗ ಎಲ್‌ಇಡಿ, ಹೊರಗ ಎಲ್‌ಡಿಆರ್. ಬೆಳಕು ಬಿದ್ರ ಎಲ್‌ಡಿಆರ್ ರೆಸಿಸ್ಟೆನ್ಸ್ ಇಳೀತೈತಿ, ಕತ್ತಲಾದ್ರ ಏರ್ತೈತಿ, ಆದ್ರ ಏರೋದು ಭಾಳ ಸಾವಕಾಶ. ಜೋಡಿ ಸಾ ತೂತು ಎರಡೂ ಅದಕ್ಕ ಒಂದ ಉದ್ದ ತೂತಿನಂಗ ಕಾಣ್ತಿದ್ವು, ಒಂದ ಮೀಟು ಬರ್ತಿತ್ತು. ಮ್ಯಾಲ ಟ್ಯೂಬ್‌ಲೈಟ್ ಹಚ್ಚಿದ್ರ ಒಂದೂ ಬರ್ತಿರಲಿಲ್ಲ. ಸಿಟ್ಟಿಲೆ ಮೂರೂ ಎಲ್‌ಡಿಆರ್ ಕಿತ್ತು ಡಬ್ಬಿಗೆ ಒಗದು, ಕಂಪ್ಯೂಟರಿನ ಎರಡು ಹಳೇ ಬಾಲ್ ಮೌಸ್ ಬಿಚ್ಚಿದೆ. ಅದರೊಳಗ ಗಾಲಿ ಸೀಳು ಎಣಿಸಾಕ ಇನ್‌ಫ್ರಾರೆಡ್ ಎಲ್‌ಇಡಿ, ಬೆಳಕು ಹಿಡಿಯೋ ಫೋಟೋಟ್ರಾನ್ಸಿಸ್ಟರ್ ಇರ್ತಾವು, ಇವು ಚುರುಕು. ಅಳ್ಳಾಡೋ ಸಿಗ್ನಲ್ಲನ್ನ ಖಡಕ್ ಹೌದು-ಇಲ್ಲ ಮಾಡೋ 40106 ಷ್ಮಿಟ್ ಟ್ರಿಗರ್ ಐಸಿ ದಾಟಿಸಿ, ಸುತ್ತಲೂ ಕರೀ ಕಾಗದದ ಗೂಡು ಮಾಡಿದ ಮ್ಯಾಲ ಒಂದು ತೂತೂ ತಪ್ಪಲಿಲ್ಲ.

ಈಗ ಟೈಮಿಗೆ ಸರಿ ಸ್ವರ ಬರ್ತಿತ್ತು, ಆದ್ರ ಟ್ರಾನ್ಸಿಸ್ಟರ್ ಸ್ವಿಚ್ಚಿನಿಂದ ಬಿಟ್ಟಿದ್ದಕ್ಕ ಶುರುವಿಗೆ ಟಕ್, ಕೊನಿಗೆ ಟಕ್. ತಂತಿ ಹಂಗ ಸಾಯಂಗಿಲ್ಲ, ಕರಗ್ತೈತಿ. ಕರಗೋ ವಸ್ತು ಯಾವ್ದು ಅಂತ ಕುಂತಾಗ ಡಬ್ಬಿಗೆ ಒಗದ ಎಲ್‌ಡಿಆರ್ ನೆನಪಾತು! ಒಂದು ಎಲ್‌ಇಡಿ, ಒಂದು ಎಲ್‌ಡಿಆರ್ ಮಾರಿಗೆ ಮಾರಿ ಹಚ್ಚಿ ಕರೀ ಸ್ಲೀವಿನಾಗ ಸುತ್ತಿ, ಸ್ವರವನ್ನ ಅದರ ಮೂಲಕ ಕಳಿಸಿದೆ. ತೂತು ಬಂದಾಗ ಎಲ್‌ಇಡಿ ಒಂದು ಚಣ ಮಿಂಚ್ತೈತಿ, ಎಲ್‌ಡಿಆರ್ ತಟ್ಟನೆ ದಾರಿ ಬಿಟ್ಟು ಆಮ್ಯಾಲ ನಿಧಾನ ಮುಚ್ಚಿಕೋತೈತಿ. ಅದರ ಮುಂದ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ ಕೊಟ್ರ ಇನ್ನೂ ಚಂದ, ಮುಚ್ಚೂಮುಂದ ಮೊದಲು ಮ್ಯಾಲಿನ ಚೂಪು ದನಿ ಹೋಗಿ ಕೊನಿಗೆ ದಪ್ಪ ದನಿ ಉಳೀತೈತಿ, ತಂತಿದೂ ಹಂಗ ಅಲ್ಲೇನು? ನಂದೇ ಶೋಧ ಅಂತ ಎದಿ ಉಬ್ಬಿಸಿಕೊಂಡಿದ್ದೆ, ಆಮ್ಯಾಲ ಗೊತ್ತಾತು ಅಮೆರಿಕಾದ ಡಾನ್ ಬುಕ್ಲಾ ಇದನ್ನ ತನ್ನ ಸಿಂಥಸೈಜರಿನ್ಯಾಗ 1970ರ ದಶಕದಾಗ ಮಾಡಿಬಿಟ್ಟಾನಂತ. ಇರ್ಲಿ.

ಶ್ರಾವಣ ಸೋಮವಾರ ಒಯ್ದು ಹಚ್ಚಿದೆ. ಕಾಕಾ ಕಣ್ಣು ಮುಚ್ಚಿ ಎರಡು ಆವರ್ತನ ಕೇಳಿದ್ರು, ಏನೂ ಅನ್ನಲಿಲ್ಲ, ಪೇಟಿ ಎಳಕೊಂಡು ಶುರು ಮಾಡಿದ್ರು. ಭಜನಿ ಮುಗದು ಮಂಗಳಾರತಿ ಆದಮ್ಯಾಲ ಕರದು, "ತಂಬೂರಿ ಚಲೋ ಐತಿ ತಮ್ಮಾ, ಅದರ ಹೊಟ್ಟಿಯಾಗ ಗಿರಗಿರ ಅಂತೈತಲ್ಲ, ಅದೊಂದು ನಿಂದ್ರಸು" ಅಂದ್ರು. ಮೋಟರ್ ಸಪ್ಪಳ ಅದು. ಸದ್ಯಕ್ಕ ಪೆಟ್ಟಿಗಿ ಕೆಳಗ ಟವೆಲ್ ನಾಕು ಮಡಚಿ ಹಾಕೀನಿ.